ಚಿತ್ರದಲ್ಲಿಲ್ಲದ ಹೆಜ್ಜೆ

ಹಾವನ್ನೂ ಮುಂಗುಸಿಯನ್ನೂ ಒಂದೇ ಗೂಡಿಗೆ ಬಿಟ್ಟು ದೇವರು ಬಾಗಿಲು ಹಾಕಿಕೊಂಡ ಹಾಗಿತ್ತು ಆ ಕೋಣೆ. ಸಿನಿಮಾದಲ್ಲಿ ನಡೆಯುವವರ ಹೆಜ್ಜೆ, ಉಟ್ಟ ರೇಷ್ಮೆಯ ಸರಸರ, ಎಲ್ಲವನ್ನೂ ಆಮೇಲೆ ಮೈಕಿನ ಮುಂದೆ ಮಾಡಿ ಸೇರಿಸುವ ಸ್ಟುಡಿಯೋ ಅದು. ನಾಯಕನ ಹೆಜ್ಜೆ ಅವನದು. ನಾಯಕಿಯ ಹೆಜ್ಜೆ ಅವನ ಅತ್ತೆಯ ಮಗಳದು.

“ಬೂಟು ಎಳೀಬೇಡಿ ಸಾರ್,” ಎಂದಳು ಅವಳು. “ಹೀರೋ ಪ್ರೀತಿಸ್ತಿದಾನೆ, ಗೋಣಿಚೀಲ ಹೊತ್ತಿಲ್ಲ.”

“ನಿಮ್ಮ ರೇಷ್ಮೆ ನೋಡ್ಕೊಳ್ಳಿ ಮೇಡಂ. ಒಣಗಿದ ಎಲೆ ತುಳಿದ ಹಾಗಿದೆ.”

ಒಂದು ಕಾಲದಲ್ಲಿ ಅವಳು ಅವನನ್ನು ಭಾವ ಎನ್ನುತ್ತಿದ್ದಳು. ಮದುವೆಯ ಮಾತು ಮುಗಿಯಬೇಕಿದ್ದ ದಿನ ಅವಳ ಅಪ್ಪ, ಅವನ ಸ್ವಂತ ಮಾವ, ತುಂಬಿದ ಮನೆಯಲ್ಲಿ ಕೇಳಿದ್ದರು: “ಟಕಟಕ ಸದ್ದು ಮಾಡ್ಕೊಂಡು ಸಂಸಾರ ನಡೆಸ್ತೀಯೇನಪ್ಪಾ?” ಎಲ್ಲರೂ ನಕ್ಕರು. ಅವಳು ತಲೆ ಎತ್ತಲಿಲ್ಲ. ಅವನು ಹೊರಟುಬಂದ. ತಡೆಯಲು ಅವಳು ಏಳಲೂ ಇಲ್ಲವಲ್ಲ ಎಂಬ ಮುಳ್ಳು ಅಂದಿನಿಂದ ಎದೆಯಲ್ಲೇ ಉಳಿದಿತ್ತು. ಆಮೇಲೆ ಅವಳೇ ಆ ಕೆಲಸ ಕಲಿತು ಅದೇ ಸ್ಟುಡಿಯೋಗೆ ಬಂದಾಗ, ಗಾಯಕ್ಕೆ ಉಪ್ಪು ಸವರಲು ಬಂದಳು ಎಂದುಕೊಂಡ. ಈ ಚಿತ್ರ ಮುಗಿದೊಡನೆ ಬೇರೆ ಊರಿನ ಸ್ಟುಡಿಯೋ ಸೇರುವುದೆಂದು ಮಾತೂ ಕೊಟ್ಟಿದ್ದ.

ಹಳೆಯ ಕಾಲದ ಕಥೆಯ ಚಿತ್ರ. ನಾಯಕ ನಾಯಕಿ ಉದ್ದಕ್ಕೂ ಪ್ರೀತಿಯ ಒಂದು ಮಾತೂ ಆಡುವುದಿಲ್ಲ. ಕಿಟಕಿಯ ಗಾಜಿನಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುತ್ತಾರೆ, ಅಷ್ಟೇ. ಕೊನೆಗೆ ನಾಯಕ ಹೊರಟುಹೋಗುತ್ತಾನೆ. ಪರದೆಯ ಮೇಲೆ ಅವನ ಬೆನ್ನು ಮಾತ್ರ.

ಆ ಹೆಜ್ಜೆಗಾಗಿ ಅವನು ಮೈಕಿನ ಮುಂದಿನ ಹಲಗೆಯ ಮೇಲೆ ನಡೆದ. ಹಿಂದೆ ಬರಿಗಾಲಿನ ಮೆಲುಸದ್ದೊಂದು ಬಂದು, ನಿಂತಿತು.

“ಅಕ್ಕ, ಆ ಹೆಜ್ಜೆ ಯಾರದು? ಹೀರೋಯಿನ್ ಕೂತೇ ಇದಾಳಲ್ಲ,” ಎಂದ ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್.

“ಕೂತಿದಾಳೆ ಅಂತ ಯಾರಪ್ಪ ಹೇಳಿದ್ದು? ಕ್ಯಾಮೆರಾ ಇವನ ಬೆನ್ನು ಹಿಡ್ಕೊಂಡು ಹೋಗಿದೆ. ತಿರುಗಿ ನೋಡಿದ್ರೆ ತಾನೆ ಗೊತ್ತಾಗೋದು.”

“ಇಲ್ಲದ್ದನ್ನ ಹುಟ್ಟಿಸ್ಬೇಡಿ,” ಎಂದ ಅವನು. “ಎದ್ದಿದ್ರೆ ಕೇಳಿಸ್ತಿತ್ತು.”

“ಎಲ್ಲಿಂದ ಕೇಳಿಸುತ್ತೆ? ಅವತ್ತು ನಿಮ್ಮ ಹೊಸ ಬೂಟು ಮೆಟ್ಟಿಲೆಲ್ಲ ಕಿರುಗುಡ್ತಿತ್ತು. ನಾನು ಬಾಗಿಲವರೆಗೂ ಬಂದೆ. ಬರಿಗಾಲು.” ಅಷ್ಟು ಹೇಳಿ ಅವಳು ಮುಖ ತಿರುಗಿಸಿದಳು.

ಕಿವಿ ಕೊಟ್ಟ ದೇವರು ಕೇಳುವ ಬುದ್ಧಿಯನ್ನು ಒಮ್ಮೊಮ್ಮೆ ತಡವಾಗಿ ಕೊಡುತ್ತಾನೆ. ಊರವರ ಹೆಜ್ಜೆಯನ್ನೆಲ್ಲ ಕೇಳಿ ಹೊಟ್ಟೆ ಹೊರೆಯುವವನು, ತನ್ನ ಬೆನ್ನ ಹಿಂದೆ ಬಂದದ್ದನ್ನು ಕೇಳದೆ ಹೋಗಿದ್ದ.

“ಆ ಹೆಜ್ಜೆ ಇರಲಿ, ಚೆನ್ನಾಗಿದೆ,” ಎಂದ ಇಂಜಿನಿಯರ್. “ಇನ್ನೊಂದು ಟೇಕ್.”

ಅವನು ನಡೆದ. ಹಿಂದೆ ಆ ಸದ್ದು ಬಂತು. ಪರದೆಯ ಮೇಲಿನವನು ಬಾಗಿಲು ದಾಟಿದ. ಹಲಗೆಯ ಮೇಲಿನವನು ನಿಂತು, ತಿರುಗಿದ.

“ಸಾರ್, ಹೀರೋ ನಿಲ್ಲಲ್ಲ, ಹೋಗ್ತಾನೆ.”

“ಹೋಗೋನು ಹೋಗ್ಲಿ ಬಿಡಪ್ಪ.”

ಅವಳ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು. ಕೈಯಲ್ಲಿದ್ದ ರೇಷ್ಮೆ ಮಾತ್ರ, ಯಾರೂ ಅಲುಗಿಸದೆಯೇ, ಸರಸರ ಎಂದಿತು.

“ಟೇಕ್ ಹಾಳು ಮಾಡಿದ್ರಿ,” ಎಂದಳು. ಸ್ವಲ್ಪ ತಡೆದು, “ಭಾವ.”