ಕಾರಿನಲ್ಲಿ ಹೊರಟ ಗಿಣ್ಣು ಹಾಲು

“ಅಜ್ಜಿ, ತಂಬಿಗೆ ಬಿಸಿ ಆಗೈತೆ ಕಣಜ್ಜಿ.”

ಮಲ್ಲಿಕಾಂಬ ಕಂಬಳಿಯೊಳಗೆ ಕೈ ತೂರಿಸಿ ನೋಡಿದ್ದಳು. ಬಾಡಿಗೆ ಕಾರು ಅಜ್ಜಂಪುರ ಬಿಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

“ಮೊದ್ಲು ಕೈ ತೆಗಿ. ಒದ್ದೆ ಬಟ್ಟೆ ಸುತ್ತಿದೀನಿ, ಏನೂ ಆಗಲ್ಲ,” ಎಂದರು ಅಜ್ಜಿ ವಿಶಾಲಾಕ್ಷಮ್ಮ. ಅಜ್ಜಿ ಹೇಳಿದ ಮೇಲೆ ಮುಗಿಯಿತು. ತಂಬಿಗೆ ಕಂಬಳಿ ಸಮೇತ ಅಜ್ಜಿಯ ಮಡಿಲಿಗೆ ಇನ್ನಷ್ಟು ಒತ್ತಿಕೊಂಡಿತು.

ಅದರಲ್ಲಿದ್ದದ್ದು ಗಿಣ್ಣು ಹಾಲು. ಮನೆಯ ಹಸು ಬೆಳಗಿನ ಜಾವ ಕರು ಹಾಕಿತ್ತು. ಹಿರೇನಲ್ಲೂರಿನ ಗಂಡನ ಮನೆಯಲ್ಲಿದ್ದ ಮಲ್ಲಿಯ ಅಕ್ಕ ಪ್ರೇಮಕ್ಕ ಬಸುರಿ. ಏನು ತಿಂದರೂ ವಾಂತಿ. ‘ನಮ್ಮನೆ ಹಸುವಿನ ಬಿಸಿಬಿಸಿ ಗಿಣ್ಣು ಒಂದು ತುಂಡು ಸಿಕ್ಕಿದ್ರೆ ಸಾಕು’ ಎಂದು ಕಾಗದ ಬರೆದಿದ್ದಳು. ಬಸುರಿಯ ಬಯಕೆ ತೀರಿಸಬೇಕಾದವರು ತವರಿನವರು. ಆದರೆ ಏಪ್ರಿಲ್ ಬಿಸಿಲಿಗೆ ಹಾಲು ಹುಳಿಯಾದರೆ? ಬಸ್ಸಾದರೆ ಎರಡು ಕಡೆ ಕಾಯಬೇಕು. ಅದಕ್ಕೇ ಅಪ್ಪ ಕಾರು ಮಾಡಿಕೊಟ್ಟಿದ್ದರು.

“ಕಂಬಳಿ ಯಾಕಜ್ಜಿ?”

“ಕಂಡೋರ ಕಣ್ಣು ಬಿದ್ರೆ ಹಸು ಹಾಲೇ ಬತ್ತೋಗ್ತದೆ. ಸುಮ್ನೆ ಕೂತ್ಕೋ.”

ಬೀರೂರಿನ ಹತ್ತಿರ ಎಂಜಿನ್ ಬುಸುಗುಟ್ಟಿತು. ಡ್ರೈವರ್ ಅಂಜಿನಪ್ಪ ಕಾರು ನಿಲ್ಲಿಸಿ, ಮುಂದಿನ ಬಂಪರಿಗೆ ನೇತುಹಾಕಿದ್ದ ಕ್ಯಾನ್ವಾಸ್ ಚೀಲದಿಂದ ರೇಡಿಯೇಟರಿಗೆ ನೀರು ಹಾಕಿದ. ಮಲ್ಲಿ ಚೀಲ ಮುಟ್ಟಿದಳು. ತಣ್ಣಗಿತ್ತು.

“ಇದು ಬಿಸಿಲಲ್ಲೇ ಇತ್ತಲ್ಲ ಅಂಜಿನಪ್ಪಣ್ಣ. ಹೆಂಗೆ ತಣ್ಣಗೈತೆ?”

“ಚೀಲ ಒದ್ದೆ, ಮೇಲೆ ಗಾಳಿ ಹೊಡೀತದೆ. ಅಷ್ಟೇ ನಂಗೆ ಗೊತ್ತಿರೋದು.”

“ಗಾಳಿ ಇಲ್ದಿದ್ರೆ?”

“ಒಂದ್ಸಲ ಡಿಕ್ಕಿಲಿಟ್ಟಿದ್ದೆ. ಸ್ನಾನಕ್ಕೆ ಆಗೋ ಹಂಗೆ ಕಾದಿತ್ತು.”

ಕಾರು ಹೊರಡುವ ಮೊದಲು ಮಲ್ಲಿ ಎರಡೂ ಕೈ ಒದ್ದೆ ಮಾಡಿಕೊಂಡಳು. ಕಾರು ಓಡತೊಡಗಿದಾಗ ಒಂದು ಕೈಯನ್ನು ಕಂಬಳಿಯೊಳಗೆ ಇಟ್ಟಳು, ಇನ್ನೊಂದನ್ನು ಕಿಟಕಿಯಾಚೆ ಚಾಚಿದಳು. ಕಿಟಕಿಯ ಕೈ ತಣ್ಣಗೆ ಜುಮ್ಮೆಂದಿತು. ಕಂಬಳಿಯ ಕೈ ಬೆವರಿತು.

“ಅಜ್ಜಿ, ನೀವೂ ಕೈ ಒದ್ದೆ ಮಾಡ್ಕೊಂಡು ನೋಡಿ.”

“ನಂಗೇನು ಹುಚ್ಚಾ?”

ಆದರೂ ಕಡೂರು ಬರುವ ಹೊತ್ತಿಗೆ ತಂಬಿಗೆಯ ಬಟ್ಟೆಯಿಂದ ಒದ್ದೆ ಮಾಡಿಕೊಂಡ ಅಜ್ಜಿಯ ಕೈ ಕಿಟಕಿಯಾಚೆ ಇತ್ತು. ಅದು ತಣ್ಣಗಾಗಿತ್ತು. ಕಂಬಳಿಯೊಳಗಿನ ತಂಬಿಗೆಯನ್ನೂ ಮುಟ್ಟಿ ನೋಡಿದರು. ಅದು ಬಿಸಿಯಾಗಿತ್ತು; ಹಾಲು ಕೆಟ್ಟೀತೆಂದು ಅವರಿಗೆ ಹೆದರಿಕೆಯಾಯಿತು.

“ಆದ್ರೆ ತಂಬಿಗೆ ಕಿಟಕೀಲಿ ಹಿಡುದ್ರೆ ದೃಷ್ಟಿ ಆಗ್ತದಲ್ಲೇ.”

ಅಂಜಿನಪ್ಪ ಕಾರು ನಿಲ್ಲಿಸಿದ. ಎಂಜಿನ್ನಿನ ಸಂದಿಗೆ ಬೆರಳು ಹಾಕಿ, ಕಪ್ಪು ಗ್ರೀಸ್ ತೆಗೆದು, ತಂಬಿಗೆಯ ಒದ್ದೆ ಬಟ್ಟೆಯ ಮೇಲೆ ಒಂದು ದೃಷ್ಟಿಬೊಟ್ಟಿಟ್ಟ. “ಮಗೂಗೆ ಇಡೋ ಹಂಗೇ ಇಟ್ಟಿದೀನಿ ಅಮ್ಮಾರೆ.”

“ಇದೂ ನಡೀತದೇನಪ್ಪಾ?”

“ಕಪ್ಪಗೈತಲ್ಲ, ಇನ್ನೇನ್ ಬೇಕು?”

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕಂಬಳಿ ಸೀಟಿನ ಕೆಳಗೆ ಹೋಯಿತು. ಅಲ್ಲಿಂದ ಹಿರೇನಲ್ಲೂರಿನವರೆಗೆ ಮಲ್ಲಿ ತಂಬಿಗೆಯನ್ನು ಕಿಟಕಿಯ ಗಾಳಿಗೆ ಹಿಡಿದೇ ಕೂತಳು. ಎರಡು ಸಲ ಕಾರು ನಿಲ್ಲಿಸಿಸಿ ಚೀಲದ ನೀರನ್ನು ಬಟ್ಟೆಗೆ ಚಿಮುಕಿಸಿದಳು. ತೋಳು ಬಿದ್ದೇ ಹೋಗುತ್ತದೇನೋ ಎನ್ನಿಸಿತು.

ಅಕ್ಕನ ಅಡುಗೆಮನೆಯಲ್ಲಿ ಅಜ್ಜಿ ಒಂದು ಹನಿ ಹಾಲನ್ನು ನಾಲಿಗೆಗೆ ಹಚ್ಚಿ ನೋಡಿದರು. “ಹುಳಿ ಬಂದಿಲ್ಲ ಕಣೇ,” ಎಂದರು. ಬೆಲ್ಲ, ಏಲಕ್ಕಿ ಬಿದ್ದವು. ಗಿಣ್ಣು ಬೆಂದು ಗಟ್ಟಿಯಾಯಿತು.

ಪ್ರೇಮಕ್ಕ ಒಂದು ತುಂಡು ತಿಂದಳು. ವಾಂತಿ ಬರಲಿಲ್ಲ. ಇನ್ನೊಂದು ತಿಂದಳು. ಮಲ್ಲಿಗೆ ಇನ್ನು ತಡೆಯಲಾಗಲಿಲ್ಲ.

“ಅಕ್ಕಾ, ಇದು ಯಾಕೆ ಕೆಡಲಿಲ್ಲ ಗೊತ್ತಾ? ಗಾಳಿ...”

“ಮಲ್ಲೀ, ಕರು ಎದ್ದು ನಿಂತ್ಕೊಳ್ತಾ? ಅವ್ವ ಕೊಟ್ಟಿಗೇಲೇ ಇದ್ಲಾ?”

ಅಕ್ಕನ ಕಣ್ಣು ತುಂಬಿತ್ತು. ಮೂರನೆಯ ತುಂಡು ಕೈಯಲ್ಲೇ ಉಳಿದಿತ್ತು.

ಮಲ್ಲಿ ಗಾಳಿಯ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಅಕ್ಕನಿಗೆ ಒತ್ತಿಕೊಂಡು ಕೂತಳು.

“ಎರಡು ಸಲ ಬಿತ್ತಕ್ಕಾ. ಆಮೇಲೆ ಎದ್ದು ಅವ್ವನ ಸೆರಗು ಜಗಿಯಾಕೆ ಶುರು ಮಾಡ್ತು. ಅವ್ವ ಬೈತಾನೂ ಇದ್ಲು, ನಗ್ತಾನೂ ಇದ್ಲು...”