ತಟ್ಟೆ ತೊಳೆದವಳು

“ನಮ್ಮ ತಂಗೀನೂ ಸ್ವಲ್ಪ ಕೈ ಜೋಡಿಸಿದ್ಲು ಸಾರ್. ತಟ್ಟೆ ತೊಳೆದು ಕೊಟ್ಲು.”

ಶಾಲೆಯ ಅಂಗಳದ ವೇದಿಕೆಯ ಮೇಲೆ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ವಾರಗಿತ್ತಿ ಹೇಳಿದ್ದು ಇಷ್ಟೇ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಠಾಣೆಯ ದೊಡ್ಡ ಅಧಿಕಾರಿಯೂ ನಕ್ಕು, ನಗುತ್ತಲೇ ಬೆಳ್ಳಿಯ ತಟ್ಟೆಯನ್ನು ಅವಳ ಕೈಗಿಟ್ಟರು. ‘ಮನೆ ಬಾಗಿಲಿನ ಕಾವಲು ಯೋಜನೆ, ಅತ್ಯುತ್ತಮ ಗ್ರಾಮ’ ಎಂದು ಅದರ ಅಂಚಿನ ಸುತ್ತ ಕೆತ್ತಿದ್ದರು. ಆ ‘ತಂಗಿ’, ಕೊನೆಯ ಬೆಂಚಿನಲ್ಲಿ ಕೂತಿದ್ದ ಹೊಲಿಗೆಯವಳೂ ನಕ್ಕಳು. ಅಕ್ಕಪಕ್ಕದವರು ಮುಖ ನೋಡುತ್ತಿದ್ದರಲ್ಲ, ನಗದೆ ಏನು ಮಾಡುವುದು? ಆದರೆ ಮಡಿಲಲ್ಲಿದ್ದ ಕರವಸ್ತ್ರದ ಅಂಚನ್ನು ಅವಳ ಬೆರಳುಗಳು ಎಳೆ ಎಳೆಯಾಗಿ ಬಿಚ್ಚಿ ಹಾಕಿದ್ದವು.

ತಟ್ಟೆ ಬಡಿದು ಊರು ಕಾಯುವ ಉಪಾಯ ಮೊದಲು ಹೊಳೆದದ್ದು ಹೊಲಿಗೆಯವಳಿಗೆ. ಬಾಗಿಲಿಗೆ ಬಂದು, ನೀರು ಪರೀಕ್ಷೆ ಅಂತಲೋ ಸ್ಟವ್ ರಿಪೇರಿ ಅಂತಲೋ ಸುಳ್ಳು ಹೇಳಿ, ಒಳಗೆ ಕಾಲಿಟ್ಟು ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಹೋಗುವವರ ಕಾಟ ಸುತ್ತಲ ಹಳ್ಳಿಗಳಲ್ಲಿ ಹೆಚ್ಚಿದ್ದ ಕಾಲ. ಬೀಟಿಗೆ ಬರುವ ಸೈಕಲ್ ಪೊಲೀಸ್ ಪ್ಯಾಂಟಿನ ಜಿಪ್ ಹಾಕಿಸಿಕೊಳ್ಳಲು ಬಂದಾಗ, ಸೂಜಿಯಿಂದ ಕಣ್ಣೆತ್ತದೆಯೇ ಅವಳು ಹೇಳಿದ್ದಳು: ಮನೆ ಮನೆ ಮುಂದೆ ಒಂದೊಂದು ಸ್ಟೀಲಿನ ತಟ್ಟೆ, ಒಂದೊಂದು ಸೌಟು ನೇತುಹಾಕಬೇಕು. ಪರಿಚಯವಿಲ್ಲದವರು ಯಾರ ಬಾಗಿಲಿಗೇ ಬರಲಿ, ಕಂಡವರು ಬಡಿಯಬೇಕು. ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರಬೇಕು. ಇಷ್ಟು ಜನ ಬಂದು ಸುತ್ತ ನಿಂತರೆ ಸುಳ್ಳು ಹೇಳುವ ಧೈರ್ಯ ಯಾರಿಗಿದೆ?

ಸೈಕಲ್ ಪೊಲೀಸ್ ಠಾಣೆಯಲ್ಲಿ ಹೇಳಿದ. ಠಾಣೆಯವರು ಸಭೆ ಕರೆದರು. “ಇದರ ಮುಂದಾಳತ್ವ ಯಾರು ವಹಿಸ್ತೀರಿ?” ಎಂದು ಅಧಿಕಾರಿ ಕೇಳಿದಾಗ, ಹೊಲಿಗೆಯವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನಾಲ್ಕು ಜನರ ಮುಂದೆ ನಿಂತರೆ ಅವಳಿಗೆ ತನ್ನ ಕೈಕಾಲೇ ತನ್ನವಲ್ಲ ಅನ್ನಿಸುತ್ತಿತ್ತು. ಅಷ್ಟರಲ್ಲಿ ವಾರಗಿತ್ತಿ ಎದ್ದು ನಿಂತಾಗಿತ್ತು. ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು, ಎಲ್ಲ ಸಭೆಗಳಲ್ಲೂ ಎಲ್ಲರಿಗಿಂತ ಮೊದಲು ಏಳುವವಳು.

ಆಮೇಲೆ ಬಿಸಿಲಲ್ಲಿ ಮನೆ ಮನೆಗೆ ನಡೆದು ಮೊಳೆ ಹೊಡೆದವಳು ಯಾರು? ಚಿಳ್ಳೆಪಿಳ್ಳೆಗಳಿಗೂ ಮುದುಕರಿಗೂ ಬಡಿಯುವುದನ್ನು ಕಲಿಸಿದವಳು ಯಾರು? ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೀದಿ ಕಾದವಳು ಯಾರು? ಪ್ಲಾಸ್ಟಿಕ್ ಕೊಡ ಮಾರುವವನಿಗೆ ತಟ್ಟೆ ಬಡಿದಳು. ದಾರಿ ತಪ್ಪಿ ಬಂದ ಲಾರಿ ಡ್ರೈವರಿಗೆ ಬಡಿದಳು. ರಜೆಯ ದಿನ ಮಾಮೂಲಿ ಬಟ್ಟೆಯಲ್ಲಿ ಬಂದ ಸೈಕಲ್ ಪೊಲೀಸಿಗೂ ಬಡಿದಳು. ಇಡೀ ಬೀದಿ ಹೊರಗೆ ಬಂದು ಅವನನ್ನು ಮುತ್ತಿಕೊಂಡಿತ್ತು. “ಅಕ್ಕಾ, ನಾನು ಕಣಕ್ಕಾ, ನಿಮ್ಮ ಪೊಲೀಸು!” ಎಂದು ಅವನು ಎರಡೂ ಕೈ ಮೇಲೆತ್ತಿ ಕೂಗಿಕೊಂಡಿದ್ದ. ಅಂದಿನಿಂದ ಅವಳಿಗೆ ‘ತಟ್ಟೆಯಮ್ಮ’ ಅನ್ನುವ ಹೆಸರು ಬಿತ್ತು. ಎದುರು ಮನೆಯ ಹಸಿ ಬಾಣಂತಿಯಂತೂ ದಿನಾ ಜಗಳಕ್ಕೇ ಬರುತ್ತಿದ್ದಳು. “ನಿಮಗೆ ಕೈ ಮುಗಿತೀನಿ ಅಕ್ಕಾ. ಮಗು ಈಗಿನ್ನೂ ಕಣ್ಣು ಮುಚ್ಚಿತ್ತು. ಮಧ್ಯಾಹ್ನ ಒಂದೇ ಒಂದು ದಿನ ಅದನ್ನ ಮಲಗೋಕೆ ಬಿಡಿ.”

ಬಡಿದವಳು ಇವಳು. ಬೈಸಿಕೊಂಡವಳು ಇವಳು. ಬೆಳ್ಳಿ ಅವಳಿಗೆ.

“ಹೋಗ್ಲಿ ಬಿಡೇ,” ಅಂದಿದ್ದ ಗಂಡ, ಪಂಪಿನ ಗ್ರೀಸ್ ಅಂಟಿದ ಕೈ ಉಜ್ಜಿಕೊಳ್ಳುತ್ತ. “ಅತ್ತಿಗೆ ಮಾತೇ ಹಂಗೆ. ತಮಾಷೆಗೆ ಅಂದಿದ್ದು.”

ಹೋಗಲಿ ಬಿಡು ಅನ್ನುವವರ ಮನೆಯಲ್ಲೇ ಎಲ್ಲವೂ ಹೋಗುವುದು ಎಂದುಕೊಂಡಳು. ಬಾಯಿ ಬಿಟ್ಟು ಹೇಳಲಿಲ್ಲ. ಅವಳು ಯಾವುದನ್ನೂ ಬಾಯಿ ಬಿಟ್ಟು ಹೇಳುವವಳಲ್ಲ.

ತಟ್ಟೆ ಕದಿಯಬೇಕೆಂಬ ಯೋಚನೆ ಸಿಟ್ಟಿನಲ್ಲಿ ಬಂದದ್ದು ನಿಜ. ಆದರೆ ಅದನ್ನು ಬೆಳೆಸಿದ್ದು ಸಿಟ್ಟಲ್ಲ, ಅಳತೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಸೀಮೆಸುಣ್ಣದ ಗೆರೆ ಎಳೆಯುತ್ತಾರಲ್ಲ, ಹಾಗೆ. ಬೆಳ್ಳಿಯ ಆಸೆ ಅವಳಿಗಿರಲಿಲ್ಲ. ಊರನ್ನೆಲ್ಲ ಕಾಯುವ ಮಹಾತಾಯಿಯ ಮನೆಯಿಂದಲೇ, ಹಾಡುಹಗಲಲ್ಲಿ, ಕಾವಲಿಗೆಂದು ಕೊಟ್ಟ ಬಹುಮಾನವೇ ಕಳುವಾಗಬೇಕು. ಆ ಅಧಿಕಾರಿ ಮತ್ತೆ ಬರಬೇಕು. ವಾರಗಿತ್ತಿ ತಲೆ ತಗ್ಗಿಸಿ ನಿಲ್ಲಬೇಕು. ಆಗ ಊರಿನಲ್ಲಿ ಕಣ್ಣು ತೆರೆದುಕೊಂಡಿದ್ದವಳು ಒಬ್ಬಳೇ ಎಂದು ಎಲ್ಲರಿಗೂ ಗೊತ್ತಾಗಬೇಕು. ಕಳ್ಳನನ್ನು ಕಂಡವಳು ತಾನೇ ಆಗಬೇಕು. ಜನ್ಮದಲ್ಲಿ ಒಂದು ಸಲ ಜನ ಅವಳ ಬಾಯಿಂದ ಬರುವ ಮಾತಿಗೆ ಕಾಯಬೇಕು.

ಮೊದಲು ಕಳ್ಳನನ್ನು ಹುಟ್ಟಿಸಬೇಕಿತ್ತು. ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ‘ಪಕ್ಕದ ಊರಿನಲ್ಲಿ ನೀರು ಪರೀಕ್ಷೆ ಅಂತ ಒಬ್ಬ ಬರ್ತಿದ್ದಾನಂತೆ. ಕೆಂಪು ಬೈಕು, ನೀಲಿ ಚೀಲ. ಹುಷಾರು.’ ‘ಅಂತೆ’ ಅನ್ನುವುದನ್ನು ಬೇಕೆಂದೇ ಸೇರಿಸಿದ್ದಳು. ತಾನು ಕಂಡೆ ಎಂದು ಈಗಲೇ ಹೇಳಬಾರದು, ಅದನ್ನು ಆ ದಿನಕ್ಕೆ ಎತ್ತಿಡಬೇಕು. ಉಳಿದದ್ದನ್ನು ಊರು ತಾನೇ ನೋಡಿಕೊಂಡಿತು. ಅಂಗಡಿಯವನ ಬಳಿ ಅವನು ಬೆಂಕಿಪೊಟ್ಟಣ ಕೊಂಡಿದ್ದನಂತೆ. ಹಾಲು ಹಾಕುವವಳಿಗೆ ಅವನ ಬೆಳ್ಳಗಿನ ಹಲ್ಲು ಕಂಡಿತ್ತಂತೆ. ಒಬ್ಬರಂತೂ ಅವನ ಎಡಗಾಲು ಸ್ವಲ್ಪ ಗಿಡ್ಡ ಅಂದರು. ಅವಳು ಬರಿಯ ಬೈಕು, ಚೀಲ ಕೊಟ್ಟಿದ್ದಳು. ಕಾಲು, ಹಲ್ಲು ಕೊಟ್ಟು ಅವನನ್ನು ನಡೆಸಿದವರು ಊರಿನವರು. ಇಂಥ ಪೆದ್ದರನ್ನು ಕಾಯಲು ಇಷ್ಟು ದಿನ ಬಿಸಿಲಲ್ಲಿ ಸುಟ್ಟುಕೊಂಡೆನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಬಾಗಿಲಿನ ಚಿಂತೆ ಇರಲಿಲ್ಲ. ವಾರಗಿತ್ತಿಯ ಹಿತ್ತಿಲ ಬಾಗಿಲಿನ ಚಿಲಕ ಸಡಿಲ. ಕದವನ್ನು ಮೊಣಕಾಲಿನಿಂದ ಮೇಲಕ್ಕೆ ಒತ್ತಿ ದೂಡಿದರೆ ಸಾಕು, ಚಿಲಕ ತಾನಾಗಿ ಕಳಚಿಕೊಳ್ಳುತ್ತದೆ. “ಅಕ್ಕ, ಸ್ಕ್ರೂ ಬದಲಾಯಿಸಿ,” ಎಂದು ಇವಳೇ ಎಷ್ಟು ಸಲ ಹೇಳಿದ್ದಳು! “ನಮ್ಮನೇಗೆ ನುಗ್ಗೋ ಗಂಡು ಯಾವನಿದ್ದಾನೆ ತಂಗಿ?” ಎಂದು ಅವಳು ನಕ್ಕಿದ್ದಳು. ಎರಡು ಮನೆಗಳ ಹಿತ್ತಿಲ ನಡುವೆ ಸೊಂಟದೆತ್ತರದ ಗೋಡೆ, ಅದರಲ್ಲೊಂದು ಬಿದ್ದುಹೋದ ಭಾಗ. ತಟ್ಟೆ ಇರುವುದು ಹಜಾರದ ಗಾಜಿನ ಕಪಾಟಿನಲ್ಲಿ. ಆ ಕಪಾಟಿಗೆ ಬೀಗವಿಲ್ಲ, ಬಂದುಹೋದವರಿಗೆಲ್ಲ ತೆಗೆದು ತೋರಿಸಬೇಕಲ್ಲ.

ಕದ್ದದ್ದನ್ನು ಬಚ್ಚಿಡುವ ಜಾಗವೂ ಗೊತ್ತಾಗಿತ್ತು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ, ಹಳದಿ ಹೂವಿನ ಬಟ್ಟೆಯ ಅಂಚು ಕೊಟ್ಟು, ತನ್ನ ಮಂಚಕ್ಕೆಂದು ಒಂದು ದಪ್ಪ ಹಾಸು ಹೊಲಿಯುತ್ತಿದ್ದಳು. ಒಂದು ಬದಿಯನ್ನು ಬಿಟ್ಟು ಉಳಿದದ್ದೆಲ್ಲ ಹೊಲಿದಾಗಿತ್ತು. ತಟ್ಟೆಯನ್ನು ನಟ್ಟನಡುವೆ ಇಟ್ಟು ಆ ಬದಿಯನ್ನೂ ಮುಚ್ಚಿಬಿಟ್ಟರೆ ಯಾವ ಪೊಲೀಸಿಗೆ ಸಿಗುತ್ತದೆ? ಬೆನ್ನಿಗೆ ಒತ್ತುತ್ತದೆ, ಒತ್ತಲಿ. ದಿನಾ ಅದರ ಮೇಲೆ ಮಲಗುವುದು ಸಣ್ಣ ಸುಖವೇನಲ್ಲ.

ದಿನವನ್ನು ವಾರಗಿತ್ತಿಯೇ ಗೊತ್ತುಮಾಡಿಕೊಟ್ಟಳು. ಶಾಲೆಯಲ್ಲಿ ಮಧ್ಯಾಹ್ನ ಸಭೆ. ‘ಮನೆಯನ್ನು ಭದ್ರವಾಗಿಡುವುದು ಹೇಗೆ’ ಎಂಬುದರ ಬಗ್ಗೆ ಅವಳದೇ ಭಾಷಣ. ಹೊರಡುವಾಗ ಕಿಟಕಿಯಲ್ಲಿ ಇಣುಕಿದಳು.

“ಬರಲ್ವೇನೇ?”

“ನಾಳೆ ಕೊಡೋ ಬಟ್ಟೆ ಉಳಿದಿದೆ ಅಕ್ಕ.”

“ಸರಿ ಬಿಡು. ನೀನು ಬಂದ್ರೂ ಮೂಲೇಲಿ ಕೂತ್ಕೊಳ್ಳೋದು ತಾನೇ? ನಮ್ಮನೆ ಕಡೆ ಒಂದು ಕಣ್ಣಿಟ್ಟಿರು.”

“ಎರಡೂ ಇಟ್ಟಿರ್ತೀನಿ,” ಅಂದಳು ಹೊಲಿಗೆಯವಳು. ಅವಳ ಬಾಯಿಂದ ಇಷ್ಟು ಚುರುಕಾದ ಮಾತು ಬಂದದ್ದು ಅದೇ ಮೊದಲಿರಬೇಕು. ವಾರಗಿತ್ತಿ ಹುಬ್ಬೇರಿಸಿ ನಡೆದಳು.

ಬೀದಿ ಬರಿದಾಯಿತು. ಉಳಿದವಳು ಎದುರು ಮನೆಯ ಬಾಣಂತಿ ಒಬ್ಬಳು, ಅವಳೂ ಮಗುವಿನ ಜೊತೆ ಒಳಗೆ ಮಲಗಿದ್ದಳು. ಹೊಲಿಗೆಯವಳು ಮುಂಬಾಗಿಲಿನಲ್ಲಿ ನಿಂತು ಎರಡೂ ಕಡೆ ನೋಡಿದಳು. ಗಾಳಿ ಎದ್ದಿತ್ತು. ಮೊಳೆಗೆ ನೇತಾಡುತ್ತಿದ್ದ ಅವಳ ತಟ್ಟೆ ಗೋಡೆಗೆ ತಾಗಿ ಟಣಟಣ ಅನ್ನುತ್ತಿತ್ತು. ಈ ಸದ್ದಿಗೆ ಮಗು ಎದ್ದರೆ ಬಾಣಂತಿ ಕಿಟಕಿಗೆ ಬರುತ್ತಾಳೆ, ಬಂದರೆ ಬೀದಿಯೆಲ್ಲ ಅವಳ ಕಣ್ಣಿಗೆ ಬೀಳುತ್ತದೆ. ಹಾಸಿನ ಅಂಚಿನಿಂದ ಉಳಿದಿದ್ದ ಹಳದಿ ಹೂವಿನ ತುಂಡೊಂದನ್ನು ಮಡಚಿ, ತಟ್ಟೆಗೂ ಗೋಡೆಗೂ ನಡುವೆ ಸಿಕ್ಕಿಸಿದಳು. ಬಾಣಂತಿಯ ಕಿಟಕಿಗೆ ನೇರ ಎದುರಿದ್ದ ಆ ಸದ್ದಡಗಿತು; ಉಳಿದ ತಟ್ಟೆಗಳ ಸದ್ದು ಅಲ್ಲಿಗೆ ಅಷ್ಟಾಗಿ ಮುಟ್ಟದು. ಎಷ್ಟು ಸಣ್ಣ ವಿಷಯವೂ ತನ್ನ ಕಣ್ಣು ತಪ್ಪುವುದಿಲ್ಲ ಎಂದು ಒಳಗೊಳಗೇ ಬೀಗಿದಳು.

ಮಿಕ್ಕದ್ದು ಗೆರೆ ಎಳೆದ ಹಾಗೇ ನಡೆಯಿತು. ಬಿದ್ದ ಗೋಡೆ ದಾಟಿದಳು, ಮೊಣಕಾಲು ಕೊಟ್ಟಳು, ಚಿಲಕ ಕಳಚಿತು. ಕೈಗೆ ಬಟ್ಟೆಯ ಚೀಲ ಸುತ್ತಿಕೊಂಡಿದ್ದಳು. ಅಡುಗೆಮನೆಯಲ್ಲಿ ನೀರಿನ ಫಿಲ್ಟರಿನ ಮುಚ್ಚಳ ತೆಗೆದು ನೆಲದ ಮೇಲಿಟ್ಟಳು. ನೀರು ಪರೀಕ್ಷೆಯವನ ಗುರುತು ಇರಲಿ. ಗಾಜಿನ ಕಪಾಟಿನಲ್ಲಿ ಬೆಳ್ಳಿ ತಟ್ಟೆಯ ಹಿಂದೆ ವಾರಗಿತ್ತಿ ತನ್ನ ಫೋಟೋ ನಿಲ್ಲಿಸಿದ್ದಳು: ವೇದಿಕೆ, ಮೈಕು, ಆ ನಗು. ಹೊಲಿಗೆಯವಳು ಒಂದು ಗಳಿಗೆ ಅದನ್ನೇ ನೋಡಿದಳು. ಆ ಗಾಜಿಗೆ ಗುದ್ದಿಬಿಡಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡಳು. ಗೆರೆ ಬಿಟ್ಟು ಕತ್ತರಿಸಿದರೆ ಬಟ್ಟೆ ಕೆಡುತ್ತದೆ. ತಟ್ಟೆಯನ್ನಷ್ಟೇ ತೆಗೆದುಕೊಂಡು ಬಂದ ದಾರಿಯಲ್ಲೇ ಮರಳಿದಳು. ಸಭೆ ಮುಗಿದು ಜನ ಬೀದಿಗೆ ತಿರುಗುವಷ್ಟರಲ್ಲಿ ಹಾಸಿನ ಕೊನೆಯ ಬದಿಯೂ ಮುಚ್ಚಿತ್ತು, ಮೆಷಿನ್ ಮೇಲೆ ಯಾರದೋ ಅಂಗಿ ಓಡುತ್ತಿತ್ತು.

ವಾರಗಿತ್ತಿಯ ಚೀರಾಟ ಕೇಳಿದಾಗ ಅವಳು ಕೂಡಲೇ ಏಳಲಿಲ್ಲ. ತೋಳಿನ ಹೊಲಿಗೆ ಮುಗಿಸಿ, ದಾರ ಕಡಿದು, ಎದ್ದಳು.

ಸೈಕಲ್ ಪೊಲೀಸ್ ಏದುಸಿರು ಬಿಡುತ್ತ ಬಂದ. ಊರೆಲ್ಲ ಬಾಗಿಲಲ್ಲಿ ನೆರೆದಿತ್ತು. ಭಾಷಣಕ್ಕೆಂದು ಹಾಕಿದ್ದ ಹೊಸ ಬಟ್ಟೆಯಲ್ಲೇ ವಾರಗಿತ್ತಿ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. “ಬೀಗ ಹಾಕಿದ ಹಂಗೇ ಇದೆ, ತಟ್ಟೆ ಇಲ್ಲ. ನಾನಿನ್ನು ಹೇಗೆ ಮುಖ ತೋರಿಸ್ಲಿ?” ಯಾರೋ ಹಿಂದಿನಿಂದ, “ಭಾಷಣ ಕಳ್ಳನೂ ಕೇಳ್ಬೇಕಿತ್ತು,” ಅಂದರು. ನಗೆ ಎದ್ದಿತು. ಅದೇ ನಗೆ, ಶಾಲೆಯ ಅಂಗಳದ್ದೇ ನಗೆ. ಈ ಸಲ ಅದು ಬಿದ್ದದ್ದು ಬೇರೆಯವಳ ಮೇಲೆ. ಹೊಲಿಗೆಯವಳ ಎದೆ ತಣ್ಣಗಾಯಿತು.

“ಯಾರಾದ್ರೂ ಏನಾದ್ರೂ ನೋಡಿದ್ರಾ?” ಎಂದು ಪೊಲೀಸ್ ಕೇಳಿದ.

“ನಾನು ನೋಡಿದೆ,” ಅಂದಳು.

ಎಲ್ಲರೂ ತಿರುಗಿದರು. ಇಷ್ಟು ಜನರ ಕಣ್ಣು ಮೈಮೇಲೆ ಬಿದ್ದರೂ ಅವಳ ನಾಲಿಗೆ ಅಂಟಿಕೊಳ್ಳಲಿಲ್ಲ. ಮಾತುಗಳು ದಾರದ ಉಂಡೆಯ ಹಾಗೆ ಬಿಚ್ಚಿಕೊಂಡು ಬಂದವು. “ಕೆಂಪು ಬೈಕು, ನೀಲಿ ಚೀಲ. ನಾನು ಮೆಷಿನ್ ಮುಂದೇನೇ ಕೂತಿದ್ದೆ. ನೋಡಿದ ತಕ್ಷಣ ಗೊತ್ತಾಯ್ತು ಅವನೇ ಅಂತ. ಅಕ್ಕನ ಬಾಗಿಲು ತಟ್ಟಿದ, ಯಾರೂ ಬರ್ಲಿಲ್ಲ. ಆಮೇಲೆ ಸಂದೀಲಿ ಹಿತ್ತಿಲ ಕಡೆ ಹೋದ. ತುಂಬಾ ಹೊತ್ತಾದ ಮೇಲೆ ಬಂದು ಬೈಕ್ ಹತ್ತಿದ.”

“ಕಾಲು ಕುಂಟ್ತಿದ್ನಾ?” ಎಂದು ಯಾರೋ ಕೇಳಿದರು.

“ಸ್ವಲ್ಪ,” ಅಂದಳು ಉದಾರವಾಗಿ. “ಆ ಹಿಂದಿನ ಚಿಲಕದ ಬಗ್ಗೆ ಅಕ್ಕಂಗೆ ಎಷ್ಟು ಸಲ ಹೇಳಿದ್ದೆ ಸಾರ್. ನನ್ನ ಮಾತು ಯಾರು ಕೇಳ್ತಾರೆ?”

ವಾರಗಿತ್ತಿ ತಲೆ ತಗ್ಗಿಸಿದಳು. ನಿಜವಾಗಿಯೂ ತಗ್ಗಿಸಿದಳು. ಇಷ್ಟು ದಿನದ ಉರಿಗೆ ಇದೊಂದು ನೋಟ ಸಾಕಿತ್ತು.

ಪೊಲೀಸ್ ಇನ್ನೇನು ಹೊರಡಬೇಕು, ಸುಮ್ಮನೆ ಕೇಳಬೇಕಲ್ಲ ಎಂದು ಬಾಣಂತಿಯತ್ತ ತಿರುಗಿ, “ನಿಂಗೇನಾದ್ರೂ ಸದ್ದು ಕೇಳಿಸ್ತೇನಮ್ಮ?” ಅಂದ. “ಎಲ್ಲಿ ಸಾರ್?” ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಅವಳು ನಿದ್ದೆ ತುಂಬಿದ ಮುಖದಲ್ಲಿ ನಕ್ಕಳು. “ಹುಟ್ಟಿದಾಗಿನಿಂದ ಇವತ್ತೊಂದೇ ದಿನ ನೋಡಿ ಇದು ಮಧ್ಯಾಹ್ನ ಪೂರ್ತಿ ಮಲಗಿದ್ದು. ಪುಣ್ಯಕ್ಕೆ ಅಕ್ಕ ಇವತ್ತು ತಟ್ಟೆ ಬಡೀಲೇ ಇಲ್ಲ.” ಹೇಳಿದ ಮೇಲೆ ಅವಳ ನಗು ತಾನಾಗಿ ನಿಂತುಹೋಯಿತು. ವಾರಗಿತ್ತಿ ಮೆಲ್ಲಗೆ ತಲೆ ಎತ್ತಿದಳು. ಪೊಲೀಸ್ ಸೈಕಲ್ಲಿನ ಹ್ಯಾಂಡಲ್ ಬಿಟ್ಟು, ಹೊಲಿಗೆಯವಳ ಬಾಗಿಲ ಪಕ್ಕದ ಮೊಳೆಯನ್ನು ನೋಡಿದ, ಆಮೇಲೆ ಅವಳನ್ನು. “ಅಕ್ಕಾ, ಯೂನಿಫಾರ್ಮ್ ಇಲ್ಲ ಅಂತ ನಂಗೇ ಬಡಿದವರು ನೀವು. ಅವನೇ ಅಂತ ಗೊತ್ತಾಗಿಯೂ ಅವನಿಗೆ ಯಾಕೆ ಬಡೀಲಿಲ್ಲ?” ಅವಳು ಬಾಯಿ ತೆರೆದಳು. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಗಾಳಿ ಬೀಸಿತು. ಬೀದಿಯ ಉದ್ದಕ್ಕೂ ಮನೆ ಮನೆಯ ತಟ್ಟೆಗಳು ಟಣಟಣ ಅಂದವು, ಅವಳದೊಂದನ್ನು ಬಿಟ್ಟು. ಅದರ ಹಿಂದಿನಿಂದ ಹಳದಿ ಹೂವಿನ ಬಟ್ಟೆಯ ಚೂರೊಂದು ಇಣುಕುತ್ತಿತ್ತು, ತೆರೆದ ಬಾಗಿಲಿನ ಒಳಗೆ ಮಂಚದ ಮೇಲೆ ಹಾಸಿದ್ದ ಹೊಸ ಹಾಸಿನ ಅಂಚಿನದೇ ಚೂರು.