ಜುಲೈ ತಿಂಗಳ ಸುರುಳಿ

ಟ್ರಂಕಿನ ಬೀಗ ಒಡೆದಿತ್ತು. ಒಳಗೆ ಮೂರು ತಗಡಿನ ಡಬ್ಬಿಗಳಿರಬೇಕಿತ್ತು. ಎರಡೇ ಇದ್ದವು.

1941ರ ಆಗಸ್ಟ್. ಯಲಬುರ್ಗಾದ ದವಾಖಾನೆಯ ಒಳಕೋಣೆಯಲ್ಲಿ ಪೊಲೀಸ್ ಠಾಣೆಯ ಅಮೀನ ಮಕ್ಬುಲಸಾಬ ಮೊಣಕಾಲೂರಿ ಬೀಗ ನೋಡಿದ. ಹದಿನೆಂಟು ವರ್ಷದ ಚಾಕರಿಯಲ್ಲಿ ಎತ್ತು ಹುಡುಕಿದ್ದ, ಬೆಳ್ಳಿ ಹುಡುಕಿದ್ದ. ಸಿನಿಮಾ ಸುರುಳಿ ಕಳುವಾದ ಫಿರ್ಯಾದಿ ಇದೇ ಮೊದಲು.

"ಏನಿತ್ರಿ ಅದರಾಗ?"

ಮೂರು ತಿಂಗಳಿಗೊಮ್ಮೆ ಕೊಪ್ಪಳದಿಂದ ಬರುವ ಡಾಕ್ಟರ್ ಉಮಾಪತಿ ಹಣೆ ಒತ್ತಿಕೊಂಡರು. "ದವಾಖಾನಿ ಗುಳಿಗಿ ತಿನ್ನೂ ಕೂಸುಗಳ ಚಿತ್ರರಿ. ವಯಸ್ಸಿಗೆ ತಕ್ಕಂಗ ಕೂಡದವು, ನಡೀದವು, ಮಾತಾಡದವು. ಜನವರಿ, ಏಪ್ರಿಲ್, ಜುಲೈ, ಮೂರು ಸಲ ಇದ ಗ್ವಾಡಿ ಮುಂದ ತಗದೀನಿ. ಜುಲೈದು ಮುಂಬೈಯಾಗ ತೊಳದು ನಿನ್ನೆ ಟಪಾಲಿಗೆ ಬಂತು. ನಾನಿನ್ನೂ ನೋಡಿಲ್ಲ. ಅದಕ್ಕಂತನ ಈ ಸಲ ನಡುವ ಬಂದೀನಿ, ನಾಳೆ ಹೈದರಾಬಾದಿಗೆ ಒಯ್ದು ದೊಡ್ಡ ಡಾಕ್ಟರಿಗೆ ತೋರಸೂದಿತ್ತು."

"ನಿಮಗ ಯಾರ ಮ್ಯಾಲರೆ ಸಂಶೆ?"

ಕೇಳಿದ್ದು ಡಾಕ್ಟರನ್ನು. ಉತ್ತರ ಬಂದದ್ದು ಬಾಗಿಲಲ್ಲಿ ನಿಂತ ಕಂಪೌಂಡರ್ ಕರಿಬಸಪ್ಪನಿಂದ.

"ಯಮನೂರಮ್ಮನ್ನ ಕೇಳ್ರಿ ಸಾಹೇಬ್ರ. ಆ ಡಬ್ಬಿ ಸುಡ್ತೀನಿ ಅಂತ ನಿನ್ನೆ ಒದರ್ಯಾಡಿ ಹೋಗ್ಯಾಳ. ಇಲ್ಲಂದ್ರ ಅಡತಿ ಅಂದಪ್ಪನವರು. ಅವರ ಮೊಮ್ಮಗ ಮೂರೂ ಸುರುಳಿಯಾಗ ಅದಾನ. ಮನ್ಯಾಗ ಮಗಳ ಮದುವಿ ಮಾತು ನಡದೈತಿ."

ಅಮೀನ ಅವನ ಮುಖವನ್ನು ಒಂದು ಗಳಿಗೆ ನೋಡಿ ಎದ್ದ.

*

ಅಂದಪ್ಪ ಅಂಗಡಿಯ ಗಾದಿಯಿಂದ ಏಳಲಿಲ್ಲ.

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಕುಷ್ಟಗಿಯಾಗ, ಬೀಗರ ಮನಿಯಾಗ. ಮುಂಜಾನಿ ಬಸ್ಸಿಗೆ ಬಂದೀನಿ. ಯಾರನ್ನ ಬೇಕಾದ್ರ ಕೇಳ್ರಿ." ಆಮೇಲೆ ದನಿ ತಗ್ಗಿಸಿದ. "ಸುಳ್ಳು ಯಾಕ ಹೇಳ್ಲಿ. ಆ ಚಿತ್ರ ನನಗ ಬ್ಯಾಡಾಗಿತ್ತು. ಆದ್ರ ಒಂದು ಹೋದ್ರೇನು ಬಂತ್ರಿ? ಉಳಿದ ಎರಡರಾಗೂ ನಮ್ಮ ಕೂಸು ಐತಿ."

ಮಾತು ಸರಿಯಾಗಿತ್ತು. ಮುಚ್ಚಿಡಬೇಕೆಂದವನು ಮೂರನ್ನೂ ಒಯ್ಯುತ್ತಿದ್ದ.

*

ಯಮನೂರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾಲ್ಕು ವರ್ಷದ ಮಗಳು ಹುಲಿಗೆವ್ವ ಗೋಡೆಗೆ ಒರಗಿ ಕೂತಿತ್ತು. ಮುಖ ಊದಿಕೊಂಡಿತ್ತು, ನಾಲಗೆಯ ತುದಿ ಹೊರಗೆ.

"ಸುಡ್ತೀನಿ ಅಂದಿದ್ದು ಖರೇನ?"

"ಖರೇರಿ. ಆದ್ರ ಸುಟ್ಟಿಲ್ಲ." ಅವಳು ಮೊರ ಕೆಳಗಿಟ್ಟಳು. "ಬ್ಯಾಸಿಗಿಯಾಗ ಗ್ವಾಡಿ ಹಿಡಕೊಂಡು ನಡೀತಿತ್ರಿ ಇದು. ಅವ್ವಾ ಅಂತಿತ್ತು. ಕಾರಹುಣ್ಣಿವಿ ಹೊತ್ತಿಗೆ ಕುಂತುಬಿಡ್ತು. ಆ ಚಿತ್ರ ತಗಿಯೂ ಡಬ್ಬಿ ಕಣ್ಣ ತಾಗೇತಿ, ಮತ್ತೇನು?"

"ಕಂಪೌಂಡರ್ ಕೊಡೂ ಗುಳಿಗಿ ಬಿಡಿಸಿದ್ದೇನು?"

"ಒಂದಿನಾನೂ ಬಿಟ್ಟಿಲ್ಲ. ಮದಲಿನವು ಮಾಂಸದ ನಾತ ಹೊಡೀತಿದ್ವು. ಬೆಲ್ಲದಾಗ ಮುಚ್ಚಿ ಕೊಡ್ತಿದ್ದೆ. ಈಗಿನವು ಛಲೋ ಅದಾವ, ನಾತನ ಇಲ್ಲ."

ಅಮೀನ ಕೈ ಮುಂದೆ ಚಾಚಿದ. "ಎರಡು ಕೊಡವ್ವ."

*

ಡಾಕ್ಟರು ಗುಳಿಗೆ ಮೂಸಿದರು. ಮುರಿದು ನಾಲಗೆಗೆ ಹಚ್ಚಿದರು.

"ಸೀಮೆಸುಣ್ಣ. ಕುರಿಯ ಗಂಟಲ ಗ್ರಂಥಿ ಒಣಗಿಸಿ ಮಾಡಿದ ಗುಳಿಗಿ ಕೊಡಬೇಕಿತ್ತು. ಅದಿಲ್ಲಂದ್ರ ಇಂಥ ಕೂಸುಗಳ ಮೈ, ಬುದ್ಧಿ ಎರಡೂ ಬೆಳಿಯಂಗಿಲ್ಲ."

"ಜುಲೈದಾಗ ನಿಮಗ ಕಾಣಲಿಲ್ಲೇನ್ರಿ?"

"ಅರ್ಧ ದಿನದಾಗ ಇಪ್ಪತ್ತಮೂರು ಕೂಸು. ಯಾವುದು ಏಪ್ರಿಲ್‌ದಾಗ ಹೆಂಗಿತ್ತು ಅಂತ ನೆನಪು ಉಳೀಲಿಲ್ಲ. ಅದಕ್ಕ ಚಿತ್ರ ತಗಿಯೂದು. ಮೂರೂ ಸಾಲಿಗೆ ಇಟ್ರ ಯಾವ ಕೂಸು ಮುಂದ ಹೋಗೇತಿ, ಯಾವುದು ಹಿಂದ ಬಿದ್ದೈತಿ ತಿಳೀತದ. ಇದನ್ನ ನಿನ್ನೆ ಸಂಜಿಕೆ ಕರಿಬಸಪ್ಪಗ ಹೇಳಿದ್ದೆ."

ಅಮೀನ ಏಪ್ರಿಲ್ ಸುರುಳಿಯ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದ. ಹೆಬ್ಬೆರಳುಗುರಿನಷ್ಟು ಚಿತ್ರ. ಗೋಡೆ ಹಿಡಿದು ಹುಲಿಗೆವ್ವ ನಿಂತಿತ್ತು.

*

ಕರಿಬಸಪ್ಪನ ಮನೆಯಲ್ಲಿ ಜೋಳದ ಚೀಲದ ಹಿಂದೆ ಎಲ್ಲ ಸಿಕ್ಕಿತು. ಸೀಮೆಸುಣ್ಣದ ಪುಡಿ, ಗುಳಿಗೆ ಒತ್ತುವ ಅಚ್ಚು, ಜುಲೈ ಸುರುಳಿ. ಸುಡಲು ನೋಡಿದ್ದ. ಅದು ಭಗ್ಗನೆ ಉರಿಯದೆ ಅಂಚಿನಲ್ಲಿ ಕರಗಿ ನಾತ ಎದ್ದಾಗ, ಓಣಿಯವರು ಕೇಳಿಯಾರೆಂದು ಬಿಟ್ಟಿದ್ದ.

"ಮೂರು ಡಬ್ಬಿ ಒಂದ ಥರ," ಅಮೀನ ಹೇಳಿದ. "ಮ್ಯಾಲ ಇಂಗ್ಲಿಷಿನಾಗ ತಿಂಗಳದ ಚೀಟಿ. ಯಮನೂರಮ್ಮಗ ಅಕ್ಷರ ಬರೂದಿಲ್ಲ. ಅಂದಪ್ಪ ಆಗಿದ್ರ ಮೂರೂ ಹೋಗ್ತಿದ್ವು. ಯಾರೂ ನೋಡದ ಚಿತ್ರಕ್ಕ ಹೆದರಾಂವ ಯಾರು? ಅದರಾಗ ಏನೈತಿ ಅಂತ ನೋಡದನ ಗೊತ್ತಿದ್ದಾಂವ. ಖರೇ ಗುಳಿಗಿ ಎಲ್ಲಿಗೆ ಹೋದ್ವು?"

ಕರಿಬಸಪ್ಪ ನೆಲ ನೋಡಿದ. "ಗಂಗಾವತಿಗೆ. ಮೈ ಇಳಿಸೂ ಮದ್ದಂತ ಸಾವಕಾರ ಮನಿಯವರು ರೊಕ್ಕ ಕೊಟ್ಟು ತಗೋತಾರ್ರಿ."

*

ಡಾಕ್ಟರು ಅಸಲಿ ಗುಳಿಗೆಯ ಹೊಸ ಶೀಸೆ ಹಿಡಿದು ತಾವೇ ಯಮನೂರಮ್ಮನ ಅಂಗಳಕ್ಕೆ ಬಂದರು. ಅವಳು ಎಲ್ಲ ಕೇಳಿದಳು. ತನ್ನ ಅಂಗೈ ನೋಡಿಕೊಂಡಳು.

"ಈ ಕೈಲೆ ಸುಣ್ಣ ತಿನ್ನಿಸೀನಿ," ಅಂದಳು. "ಮತ್ತ ನಡೀತೈತೇನ್ರಿ?"

"ನಡೀತದ. ಹೋದ ತಿಂಗಳು ಪೂರಾ ತಿರುಗಿ ಬರ್ತಾವ ಅಂತ ನಾ ಹೇಳಂಗಿಲ್ಲವ್ವ."

"ಸುಣ್ಣ ತಿಂದ ಕೂಸು ಎಷ್ಟು?"

"ಹನ್ನೊಂದು," ಕರಿಬಸಪ್ಪ ಒಪ್ಪಿಕೊಂಡ ಲೆಕ್ಕವನ್ನು ಅಮೀನ ಹೇಳಿದ.

ಅವಳು ಮಗಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಸೆರಗು ಬಿಗಿದಳು.

"ಎಲ್ಲಾರ ಮನಿ ನನಗ ಗೊತ್ತದಾವ. ನಡೀರಿ. ಇವತ್ತಿನ ಗುಳಿಗಿ ತಪ್ಪಬಾರದು."

ಬಿಸಿಲಲ್ಲಿ ಅವಳು ಮುಂದೆ ನಡೆದಳು. ಅಮೀನ ಮತ್ತು ಡಾಕ್ಟರು ಅವಳ ಹಿಂದೆ.